ನಡುಗುವ ಪಿಕಪ್ಪೂ ದೊಡ್ಡಕ್ಕನ ಕಾಲ್ಗುಣವೂ

ಚಳ್ಳಕೆರೆ
26 ನವೆಂಬರ್ 2004, ಶುಕ್ರವಾರ

ಪ್ರೀತಿಯ ಮೊಮ್ಮಗ ತಾರಿಕ್,

ನಿನ್ನ ದಾದಾ ಹುಸೇನ್ ಸಾಬ್ ಮಾಡುವ ದುವಾ. ಇವತ್ತು ನಿನಗೊಂದು ಕತೆ ಬರೆಯಲು ಕೂತಿದ್ದೇನೆ. ಇದನ್ನು ಮೊದಲು ಹೇಳಿದವನು ನಾನಲ್ಲ. ಮೊನ್ನೆ ಬುಧವಾರ ಸಂಜೆ, ಬಿಸಿಲು ನಮ್ಮ ಗ್ಯಾರೇಜಿನ ತಗಡಿನಿಂದ ಇಳಿಯುತ್ತಿದ್ದ ಹೊತ್ತಿನಲ್ಲಿ, ಬಿ.ಜಿ. ಕೆರೆಯ ಹಾಲೇಶಪ್ಪನವರ ಹೆಂಡತಿ ತಿಪ್ಪೇರುದ್ರಮ್ಮನವರು ನಮ್ಮ ಬೆಂಚಿನ ಮೇಲೆ ಕೂತು ಹೇಳಿದ್ದು. ಕತೆ ಯಾರ ಬಾಯಿಂದ ಬಂತೋ ಅವರ ಹೆಸರನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅದು ಕದ್ದ ಕುರಿಯಿದ್ದ ಹಾಗೆ ಎಂದು ಸಿದ್ದಾಪುರದ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರು ನಮಗೆ ಕಲಿಸಿದ್ದರು. ಹೇಳಿಯಾಯಿತು. ಇನ್ನು ಕತೆ ಸ್ವಲ್ಪ ಕಾಯಲಿ. ಮೊದಲು ನಿನ್ನ ಆರೋಗ್ಯ ಹೇಗಿದೆ ಎಂದು ಬರೆ.

ಬಳ್ಳಾರಿಯಲ್ಲಿ ಈಗ ಗಣಿ ಲಾರಿಗಳ ಕೆಂಪು ಧೂಳು ಊಟದ ತಟ್ಟೆಗೂ ಬೀಳುತ್ತದಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಬೆಸುಗೆ ಹಾಕಿದ ದಿನ ಕಣ್ಣು ಉರಿದರೆ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಮಲಗು, ಉಜ್ಜಬೇಡ. ಹೋಟೆಲಿನ ಸಾರಿಗೆ ಸೋಡ ಹಾಕುತ್ತಾರೆ ಎಂದು ನಿನ್ನ ದಾದಿ ರೋಷನ್ ಬೀ ದಿನಕ್ಕೊಂದು ಸಲ ಹೇಳುತ್ತಾಳೆ. ಅವಳು ಬಳ್ಳಾರಿಯನ್ನು ನೋಡಿಯೇ ಇಲ್ಲ, ಆದರೂ ಅಲ್ಲಿನ ಸಾರು ಅವಳಿಗೆ ಗೊತ್ತು. ನಾವೆಲ್ಲ ಆರಾಮ. ನನ್ನ ಮಂಡಿ ಚಳಿಗೆ ಸ್ವಲ್ಪ ಹಿಡಿಯುತ್ತದೆ, ನಮಾಜಿಗೆ ಕುರ್ಚಿ ಹಾಕಿಕೊಳ್ಳುತ್ತೇನೆ. ಈ ಸಲ ಈದ್‌ಗೆ ನೀನು ಬರಲಿಲ್ಲ. ದಾದಿ ನಿನ್ನ ಪಾಲಿನ ಶ್ಯಾವಿಗೆ ತೆಗೆದಿಟ್ಟಳು, ಸಂಜೆಗೆ ಅದನ್ನು ನಾನು ತಿಂದೆ, ಯಾರಿಗೂ ಹೇಳಬೇಡ. ನಿನ್ನ ಅಮ್ಮಿ ರುಕ್ಸಾನಾ ನೀನು ಊರು ಬಿಟ್ಟ ದಿನದಿಂದ ಎದುರಿನ ಚಿನ್ನಯ್ಯನ ಹೋಟೆಲಿನ ಟೀ ಮನೆಗೆ ತರಿಸುವುದನ್ನು ನಿಲ್ಲಿಸಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನೀನು ಎರಡು ಸಲ ಹೂಂ ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ, ಅದು ಮುಗಿಯುವ ತನಕ ನಿನ್ನ ಕೈಯಲ್ಲೇ ಇರುತ್ತದೆ.

ನಿನಗೆ ಗೊತ್ತಿರುವುದನ್ನೇ ಈ ಮುದುಕ ಮತ್ತೆ ಹೇಳುತ್ತಿದ್ದಾನೆ ಎನ್ನಬೇಡ. ಬುಡ ಬಿಟ್ಟು ತುದಿಯಿಂದ ಕತೆ ಹೇಳುವ ಅಭ್ಯಾಸ ನನಗಿಲ್ಲ. ಹಾಲೇಶಪ್ಪನವರು ಯುಗಾದಿ ಕಳೆದ ಮೇಲೆ ಎತ್ತು ಮಾರಿ ಪಿಕಪ್ ಕೊಂಡರು. ಶೇಂಗಾ ಮೂಟೆಗಳನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಸಾಗಿಸಲು ಪಿಕಪ್ಪಿನ ಹಿಂದೆ ಕಟ್ಟುವ ಎರಡು ಗಾಲಿಯ ಟ್ರೇಲರ್ ಬೇಕೆಂದು ನಮ್ಮಲ್ಲಿಗೆ ಬಂದರು. ನಿನ್ನ ಅಣ್ಣ ತನ್ವೀರ್ ಆಗ ದಾವಣಗೆರೆಗೆ ಸಾಮಾನು ತರಲು ಹೋಗಿದ್ದ. ನೀನೇ ಒಪ್ಪಿಕೊಂಡು, ಅಳತೆ ಹಿಡಿದು, ಕಬ್ಬಿಣ ಕೊಯ್ದು, ಮುಂದಕ್ಕೆ ಚಾಚುವ ಮೂಕಿಯ ತುದಿಗೆ ಕೊಂಡಿ ಬೆಸೆದು, ಬಣ್ಣ ಹಚ್ಚಿ ನಿಲ್ಲಿಸಿದೆ. ಅಣ್ಣನ ಕೈ ತಾಗದೆ ನೀನೊಬ್ಬನೇ ಮಾಡಿದ ಮೊದಲ ಕೆಲಸ ಅದು. ಹಾಲೇಶಪ್ಪನವರು ಸುತ್ತ ಬಂದು ನೋಡಿ ‘ಗಾಡಿ ಬಡಗಿ ಮಾಡ್ದಂಗೈತೆ’ ಎಂದಾಗ ನಿನ್ನ ಮುಖ ನೋಡಬೇಕಿತ್ತು. ನಾನು ನೋಡಿದ್ದೇನೆ.

ಶೇಂಗಾ ಸುಗ್ಗಿ ಶುರುವಾಯಿತು, ಅದರ ಜೊತೆಗೆ ನಡುಕವೂ. ಐವತ್ತರ ವೇಗ ದಾಟಿದರೆ ಸೀಟು ಹಿಟ್ಟಿನ ಗಿರಣಿಯಂತೆ ಅದುರುತ್ತದೆ, ಸ್ಟೇರಿಂಗು ಕೈಯಲ್ಲಿ ನಿಲ್ಲುವುದಿಲ್ಲ, ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಾಣುತ್ತದೆ ಎಂದು ಅವರು ಬಂದರು. ನೀವಿಬ್ಬರೂ ಏನೇನು ಮಾಡಲಿಲ್ಲ. ಗಾಲಿಗಳನ್ನು ಚಿತ್ರದುರ್ಗಕ್ಕೆ ಕಳಿಸಿ ತೂಕ ಸರಿಮಾಡಿಸಿದಿರಿ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆ ಶಾಫ್ಟನ್ನು ಬಿಚ್ಚಿ ಅದರ ಕೀಲು ಬದಲಿಸಿದಿರಿ. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದಿರಿ. ನೀನು ಟ್ರೇಲರ್ ಕಟ್ಟಿಕೊಂಡು ಸಾಣಿಕೆರೆಯವರೆಗೂ ಓಡಿಸಿ ಬಂದು ‘ನಡುಗಲ್ಲ’ ಎಂದೆ. ಅವರು ಊರಿಗೆ ಹೋಗಿ ಮೂಟೆ ಹೇರಿಕೊಂಡು ಹೊರಟರೆ ಮತ್ತೆ ಅದೇ ನಡುಕ. ಕೊನೆಗೆ ಚಿನ್ನಯ್ಯನ ಹೋಟೆಲಿನ ಮುಂದೆ, ಟೀ ಕುಡಿಯುವ ಜನರೆದುರು, ಹಾಲೇಶಪ್ಪನವರ ತಾಳ್ಮೆ ತಪ್ಪಿತು. ‘ಬರೀ ಪಿಕಪ್ ನಡುಗಲ್ಲ. ಟ್ರೇಲರ್ ಕಟ್ಟಿದ್ರೆ ನಡುಗ್ತೈತೆ. ಎರಡ್ರ ನಡುವೆ ಏನೈತೆ? ನಿನ್ನ ಕೊಂಡಿ ಐತೆ. ಲೆಕ್ಕ ಇಷ್ಟೇ ಅಲ್ವೇನಪ್ಪಾ.’ ನೀನು ನಡುಗಲ್ಲ ಎಂದೇ ಹಟ ಹಿಡಿದೆ. ‘ಹಂಗಾರೆ ನಾನು ಸುಳ್ಳು ಹೇಳ್ತೀನೇನಲೇ?’ ಎಂದು ಅವರು ಎದ್ದು ನಿಂತರು. ಆಗ ತನ್ವೀರ್ ನಡುವೆ ಬಂದು ‘ಬಿಡ್ರಿ ಹಾಲೇಶಪ್ನೋರೆ, ನಾನೇ ಕೊಂಡಿ ಮೇಲೊಂದು ಪಟ್ಟಿ ಇಟ್ಟು ಬೆಸೀತೀನಿ’ ಎಂದ. ಗಿರಾಕಿಯನ್ನು ಸಮಾಧಾನ ಮಾಡಲು ಅಂದ ಮಾತು ಅದು. ಆದರೆ ನಿನ್ನನ್ನು ಊರು ಬಿಡಿಸಿದ್ದು ಹಾಲೇಶಪ್ಪನವರ ಬೈಗುಳವಲ್ಲ, ಅಣ್ಣನ ಆ ಪಟ್ಟಿ ಎಂಬುದು ನನಗೆ ಗೊತ್ತು. ಮರುದಿನ ನೀನು ಬಳ್ಳಾರಿ ಬಸ್ಸು ಹತ್ತಿದೆ. ಚಿನ್ನಯ್ಯ ಸಕ್ಕರೆ ಕಲಕಿಕೊಂಡು ಬಂದವರಿಗೆಲ್ಲ ‘ತಾರಿಕ್‌ನ ಬೆಸುಗೆ ನಿಲ್ಲಲ್ವಂತೆ’ ಎಂದು ಹಂಚಿದ. ನಮ್ಮ ಕಸುಬಿನಲ್ಲಿ ಆ ಒಂದು ಮಾತು ಸಾಕು. ಕಬ್ಬಿಣ ಮುರಿದರೆ ಕೂಡಿಸಬಹುದು, ಹೆಸರು ಮುರಿದರೆ ಕಷ್ಟ.

ಇಲ್ಲಿಂದ ಮುಂದೆ ನಿನಗೆ ಗೊತ್ತಿಲ್ಲದ್ದು. ಪಟ್ಟಿ ಹಾಕಿದ ಮೇಲೂ ನಡುಕ ಹೋಗಲಿಲ್ಲ. ಹಾಲೇಶಪ್ಪನವರು ಯಾರಿಗೂ ಹೇಳಲಾಗದೆ ನಿಧಾನವಾಗಿ ಓಡಿಸುತ್ತಿದ್ದರು, ಸೈಕಲ್ಲಿನವರು ಅವರನ್ನು ದಾಟಿ ಹೋಗಿ ತಿರುಗಿ ನೋಡುತ್ತಿದ್ದರಂತೆ. ದೀಪಾವಳಿಗೆ ಮೊಳಕಾಲ್ಮೂರಿನಿಂದ ತಿಪ್ಪೇರುದ್ರಮ್ಮನವರ ಅಕ್ಕ ಬಂದರು. ಅವರನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವುದು. ವಯಸ್ಸಿನಲ್ಲೂ ದೊಡ್ಡವರು, ಆಳಿನಲ್ಲೂ ದೊಡ್ಡವರು. ತಂಗಿಯ ಮಾತಿನಲ್ಲಿ ಹೇಳುವುದಾದರೆ, ‘ನಮ್ಮಕ್ಕ ಕೂತ್ರೆ ಕಟ್ಟೆ, ನಿಂತ್ರೆ ಗುಡಿ’. ಹಬ್ಬ ಮುಗಿಸಿ ಅವರು ಚಳ್ಳಕೆರೆಯಲ್ಲಿರುವ ಮಗಳ ಮನೆಗೆ ಹೋಗಬೇಕಿತ್ತು. ಪಿಕಪ್ಪಿನ ಒಳಗೆ ಕೂತರೆ ಡೀಸೆಲ್ ವಾಸನೆಗೆ ವಾಂತಿ ಬರುತ್ತದೆ ಎಂದು ಟ್ರೇಲರ್ ಹತ್ತಿದರು. ಹಿಂದೆ ಕೂತರೆ ಧೂಳು. ಹಾಗಾಗಿ ಮೂಟೆಗಳ ಮೇಲೆ ಮುಂದಕ್ಕೆ ಸರಿದು, ಪಿಕಪ್ ಕಡೆಯ ಹಲಗೆಗೆ ಬೆನ್ನು ಕೊಟ್ಟು, ಮಗಳಿಗೆಂದು ತಂದ ಅಕ್ಕಿ ಗಂಟು, ಹಿತ್ತಾಳೆ ಕೊಡ ಎಲ್ಲವನ್ನೂ ಪಕ್ಕಕ್ಕಿಟ್ಟುಕೊಂಡು ಕೂತರು. ಹಾಗೆಲ್ಲ ಟ್ರೇಲರಿನಲ್ಲಿ ಜನ ಕೂರಬಾರದು. ನಾನು ಅದನ್ನು ತಿಪ್ಪೇರುದ್ರಮ್ಮನವರಿಗೂ ಹೇಳಿದೆ, ಅವರು ‘ನೀವೇ ಬಂದು ನಮ್ಮಕ್ಕನ್ನ ಇಳ್ಸಿ ನೋಡ್ರಿ ಸಾಬ್ರೆ’ ಎಂದರು.

ಪಿಕಪ್ ಹೊರಟಿತು. ನಲವತ್ತು, ಐವತ್ತು, ಅದನ್ನೂ ದಾಟಿತು. ನಡುಕವಿಲ್ಲ. ಹಾಲೇಶಪ್ಪನವರು ಸ್ಟೇರಿಂಗಿನಿಂದ ಒಂದು ಕೈ ತೆಗೆದು ನೋಡಿದರು, ಎಣ್ಣೆಯ ಮೇಲೆ ಹೋದಂತೆ ಹೋಗುತ್ತಿದೆ. ತಳಕು ದಾಟಿ ಚಳ್ಳಕೆರೆಯ ಮಗಳ ಮನೆಯ ಬಾಗಿಲಿನವರೆಗೂ ಹಾಗೇ. ಹಾಲೇಶಪ್ಪನವರು ಇಳಿದವರೇ ದೊಡ್ಡಕ್ಕನಿಗೆ ಕೈಮುಗಿದು ‘ಅಕ್ಕಾ, ನಿನ್ನ ಕಾಲ್ಗುಣ’ ಎಂದರಂತೆ. ಸೊಸೆ ಬಂದ ಮನೆಗೆ ಕಾಲ್ಗುಣ ನೋಡುತ್ತಾರೆ, ಹಸು ಕೊಂಡರೆ ಕಾಲ್ಗುಣ ನೋಡುತ್ತಾರೆ. ಪಿಕಪ್ಪಿಗೆ ಕಾಲ್ಗುಣ ನೋಡಿದವರು ನಮ್ಮ ಸೀಮೆಯಲ್ಲಿ ಇವರೇ ಮೊದಲಿರಬೇಕು. ಆಮೇಲಿನ ಲೋಡಿಗೆ ದೊಡ್ಡಕ್ಕ ಇರಲಿಲ್ಲ, ನಡುಕ ವಾಪಸ್ಸು ಬಂತು. ಅಲ್ಲಿಗೆ ಅವರ ನಂಬಿಕೆ ಗಟ್ಟಿಯಾಯಿತು. ದೊಡ್ಡಕ್ಕ ಮೊಳಕಾಲ್ಮೂರಿಗೆ ಮರಳಿದ ಸುದ್ದಿ ತಿಳಿದದ್ದೇ ತಡ, ಬಾಳೆಹಣ್ಣು, ಹೂವು ತೆಗೆದುಕೊಂಡು ಅವರ ಮನೆಗೇ ಹೋಗಿ, ಸುಗ್ಗಿ ಮುಗಿಯುವ ತನಕ ನಮ್ಮ ಜೊತೆ ಟ್ರೇಲರಿನಲ್ಲಿ ಬಾ ಎಂದು ಕೇಳಿದರಂತೆ. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು, ‘ಏಮಯ್ಯಾ ಹಾಲೇಶಪ್ಪ, ನಾನೇನು ನಿಂಬೆಹಣ್ಣೇನು, ಗಾಡಿಗೆ ಕಟ್ಕೊಂಡು ಓಡಾಡಾಕೆ?’ ಎಂದರು. ಹೀಗೆ ಹೇಳಿದರೂ ಬಂದರು. ತನ್ನ ಪಾದಕ್ಕೆ ಅಷ್ಟು ಬೆಲೆಯಿದೆ ಎಂದು ಯಾರಾದರೂ ಅಂದರೆ ಮನೆಯಲ್ಲಿ ಕೂರುವುದು ಕಷ್ಟ.

ಈ ಬುಧವಾರ ಮಧ್ಯಾಹ್ನ ಮೂವರೂ ಹೊರಟರು. ಮುಂದೆ ಗಂಡ ಹೆಂಡತಿ, ಹಿಂದೆ ಮೂಟೆಗಳ ಮೇಲೆ ದೊಡ್ಡಕ್ಕ. ಒಂದಷ್ಟು ದೂರ ನಡುಕವಿಲ್ಲ, ಹಾಲೇಶಪ್ಪನವರು ಗುನುಗುತ್ತಿದ್ದರು. ತಳಕಿನ ಹತ್ತಿರ ಬರುವಾಗ ಇದ್ದಕ್ಕಿದ್ದ ಹಾಗೆ ಸೀಟು ಅದುರಲು ಶುರುವಾಯಿತು. ಗುನುಗು ನಿಂತಿತು. ಪಿಕಪ್ ಪಕ್ಕಕ್ಕೆ ಹಾಕಿ ಇಳಿದು ಓಡಿಹೋಗಿ ಅವರು ಕೇಳಿದ್ದೇನು ಗೊತ್ತೆ? ‘ಅಕ್ಕಾ, ಮನಸ್ಸಿಗೇನಾರ ಬೇಜಾರಾತಾ? ನಾನೇನಾರ ಅಂದ್ನಾ?’ ದೊಡ್ಡಕ್ಕನಿಗೆ ಬೇಜಾರೂ ಇಲ್ಲ ಏನೂ ಇಲ್ಲ. ಬಿಸಿಲು ಮುಖಕ್ಕೆ ಬಡಿಯುತ್ತಿದೆ ಎಂದು ತಮ್ಮ ಬಟ್ಟೆ ಗಂಟು ಎತ್ತಿಕೊಂಡು ಟ್ರೇಲರಿನ ಹಿಂದಿನ ತುದಿಗೆ ಹೋಗಿ, ಮೂಟೆಗಳ ನೆರಳಿನಲ್ಲಿ ಸೆರಗು ಹೊದ್ದು ತೂಕಡಿಸುತ್ತಿದ್ದರು. ತಿಪ್ಪೇರುದ್ರಮ್ಮನವರು ಅಕ್ಕನನ್ನು ನೋಡಿದರು, ಅಕ್ಕ ಮೊದಲು ಕೂತಿದ್ದ ಜಾಗವನ್ನು ನೋಡಿದರು. ‘ಕಾಲ್ಗುಣ ಮುಂದೆ ಕೂತ್ರೆ ಐತೆ, ಹಿಂದೆ ಕೂತ್ರೆ ಇಲ್ಲ ಅಂದ್ರೆ ಅದೆಂಥ ಕಾಲ್ಗುಣ’ ಎಂದು ಗಂಡನನ್ನು ಕೇಳಿದರು. ಗಂಡನಿಗೆ ಅರ್ಥವಾಗಲಿಲ್ಲ. ಅಕ್ಕನನ್ನು ಎಬ್ಬಿಸಿ ಮುಂದೆ ಕೂರಿಸಿ ಒಂದಿಷ್ಟು ದೂರ ಓಡಿಸಿದರು, ನಡುಕವಿಲ್ಲ. ಹಿಂದಕ್ಕೆ ಕಳಿಸಿ ಓಡಿಸಿದರು, ನಡುಕ. ಮತ್ತೆ ಮುಂದಕ್ಕೆ ಬಾ ಎಂದಾಗ ದೊಡ್ಡಕ್ಕ ‘ನನ್ನೇನು ತಕ್ಕಡಿ ಕಲ್ಲು ಮಾಡ್ಕಂಡ್ರೇನೇ, ಅತ್ಲಾಗಿಡೋದು ಇತ್ಲಾಗಿಡೋದು’ ಎಂದು ಇಳಿದು ಬೇವಿನ ಮರದ ಕೆಳಗೆ ಕೂತುಬಿಟ್ಟರು. ಬೈದು ಹೇಳಿದ್ದರೂ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಿಪ್ಪೇರುದ್ರಮ್ಮನವರು ಸೆರಗು ಸಿಕ್ಕಿಸಿ ಟ್ರೇಲರ್ ಹತ್ತಿ, ಅಕ್ಕನ ತೂಕದಷ್ಟು ಮೂಟೆಗಳನ್ನು ಹಿಂದಿನಿಂದ ಎಳೆಸಿ ಮುಂದಿನ ಹಲಗೆಗೆ ಒತ್ತರಿಸಿದರು. ಅಕ್ಕ ಮರದ ಕೆಳಗೇ ಇದ್ದರು. ಗಂಡ ಹೆಂಡತಿ ಐವತ್ತು, ಅರವತ್ತರಲ್ಲಿ ಒಂದು ಸುತ್ತು ಹೋಗಿ ಬಂದರು. ಕನ್ನಡಿಯಲ್ಲಿ ರಸ್ತೆ ಒಂದೇ ಕಾಣುತ್ತಿತ್ತು.

ಅಕ್ಕನನ್ನು ಮಗಳ ಮನೆಯಲ್ಲಿ ಬಿಟ್ಟು, ಮಿಲ್ಲಿನಲ್ಲಿ ಮೂಟೆ ಇಳಿಸಿ ಇಬ್ಬರೂ ನೇರ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಬೆಂಚಿನ ಮೇಲೆ ಇಷ್ಟು ಹೇಳುವ ಹೊತ್ತಿಗೆ ತನ್ವೀರ್ ನಟ್ಟು ಬಿಚ್ಚುತ್ತಿದ್ದ ಪಾನ ಕೆಳಗಿಟ್ಟಿದ್ದ. ಮೂಟೆ ಹೇಗೆ ಹೇರುತ್ತೀರಿ ಎಂದು ಕೇಳಿದ. ಹಾಲೇಶಪ್ಪನವರು ಅಲ್ಲಿಯವರೆಗೆ ಹೆಂಡತಿಯ ಕತೆಯಲ್ಲಿ ‘ತಳಕಲ್ಲ ಕಣೇ, ಅದಕ್ಕೂ ಈಚೆಗೆ’ ಎಂಬಂಥ ಸಣ್ಣ ತಿದ್ದುಪಡಿಗಳನ್ನು ಬಿಟ್ಟರೆ ಏನೂ ಹೇಳಿರಲಿಲ್ಲ. ಈಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅವರ ಅಪ್ಪ ಎತ್ತಿನ ಗಾಡಿಗೆ ಹೇರುವಾಗ, ಮೂಕಿಯನ್ನು ಒಂದು ಬೆರಳಿನಲ್ಲಿ ಎತ್ತುವಷ್ಟು ಹಗುರ ಇರಬೇಕು, ಎತ್ತಿನ ಹೆಗಲ ಮೇಲೆ ಭಾರ ಕೂರಬಾರದು ಎಂದು ಕಲಿಸಿದ್ದರು. ಭಾರವೆಲ್ಲ ಗಾಲಿಯ ಅಚ್ಚಿನ ಮೇಲೆ, ಚೂರು ಹಿಂದಕ್ಕೇ ಇದ್ದರೂ ಸರಿ. ಟ್ರೇಲರನ್ನೂ ಹಾಗೇ ಹೇರಿ, ಕೊಂಡಿ ಸಿಕ್ಕಿಸುವ ಮೊದಲು ಬೆರಳಿನಲ್ಲಿ ಎತ್ತಿ ನೋಡಿ, ಸರಿಯಾಗಿದೆ ಎಂದ ಮೇಲೇ ಹೊರಡುವುದು. ನಮ್ಮ ಸೀಮೆಯಲ್ಲಿ ಗಾಡಿ ಹೊಡೆದ ಯಾರೇ ಆದರೂ ಹಾಗೇ ಹೇರುತ್ತಾರೆ ತಾರಿಕ್, ಎತ್ತಿನ ಹೆಗಲು ನೋಯಿಸುವವನಿಗೆ ಹೆಣ್ಣು ಕೊಡುತ್ತಿರಲಿಲ್ಲ. ತನ್ವೀರ್ ತಲೆಯ ಮೇಲೆ ಕೈಹೊತ್ತು ಕೂತ. ಮೂಕಿ ಹಗುರವಾದರೆ ಟ್ರೇಲರಿನ ಬಾಲ ಅತ್ತಿತ್ತ ತೂಗುತ್ತದೆ, ಕೊಂಡಿಯನ್ನು ಒಮ್ಮೆ ಎತ್ತುತ್ತದೆ ಒಮ್ಮೆ ಬಿಡುತ್ತದೆ, ವೇಗ ಹೆಚ್ಚಿದಷ್ಟೂ ಅದು ಹೆಚ್ಚಾಗಿ ಪಿಕಪ್ಪಿನ ಮೈಯೆಲ್ಲ ನಡುಗುತ್ತದೆ ಎಂದು ವಿವರಿಸಿದ. ತಿಪ್ಪೇರುದ್ರಮ್ಮನವರು ಅದನ್ನು ಇನ್ನೂ ಚಿಕ್ಕದು ಮಾಡಿದರು. ‘ಎತ್ತಿಗಾದ್ರೆ ಹೆಗಲು ನೋಯ್ತೈತೆ. ಇದಕ್ಕೇನು ನೋಯ್ತೈತ್ರೀ? ಇದರ ಹೆಗಲ ಮೇಲೆ ಕೈ ಇಟ್ಟಿರ್ಬೇಕು, ಇಲ್ಲಾಂದ್ರೆ ಹೆದ್ರಿಕಂಡು ನಡುಗ್ತೈತೆ.’

ಹಾಗಾದರೆ ನೀನು ಓಡಿಸಿದಾಗ ಏಕೆ ನಡುಗಲಿಲ್ಲ ಎಂಬುದೊಂದು ಉಳಿದಿತ್ತು. ತನ್ವೀರ್ ‘ಒಂದು ದಿನಾನೂ ಮೂಟೆ ಸಮೇತ ಗ್ಯಾರೇಜಿಗೆ ಯಾಕೆ ತರ್ಲಿಲ್ರೀ?’ ಎಂದು ಕೇಳಿದ. ಹಾಲೇಶಪ್ಪನವರಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ‘ಎತ್ತಿಗೆ ಹುಷಾರಿಲ್ಲ ಅಂದ್ರೆ ಗಾಡಿ ಹೂಡ್ಕಂಡು ಡಾಕ್ಟ್ರ ಹತ್ರ ಹೋಗ್ತಾರೇನಪ್ಪಾ? ಮಿಲ್ಲಲ್ಲಿ ಇಳಿಸಿ, ಗುಡಿಸಿ, ಅಚ್ಚುಕಟ್ಟು ಮಾಡಿ ತಂದ್ರೆ ಅದೂ ತಪ್ಪಾ?’ ಎಂದರು. ನಿನ್ನ ಅತ್ತಿಗೆ ಮೆಹಜಬೀನ್ ಒಳಗಿನಿಂದ ನಕ್ಕದ್ದು ಕೇಳಿಸಿತು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ಕೊನೆಗೆ ಹಾಲೇಶಪ್ಪನವರೂ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಅಷ್ಟು ದಿನ ಅವರೂ ನಿಜ ಹೇಳುತ್ತಿದ್ದರು, ನೀನೂ ನಿಜ ಹೇಳುತ್ತಿದ್ದೆ. ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನಿನ್ನ ಅಮ್ಮಿ ಎಲ್ಲರಿಗೂ ಟೀ ತಂದಳು, ತಿಪ್ಪೇರುದ್ರಮ್ಮನವರ ಲೋಟಕ್ಕೆ ಮಾತ್ರ ಏಲಕ್ಕಿ ಹಾಕಿದ್ದಳು. ಅವರು ಹೊರಡುವಾಗ ತನ್ವೀರ್ ‘ಟ್ರೇಲರ್ ಒಂದು ರಾತ್ರಿ ಇಲ್ಲೇ ಇರ್ಲಿ’ ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ನಾನು ಫಜರ್ ನಮಾಜ್ ಮುಗಿಸಿ ಬರುವಾಗ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ತನ್ವೀರ್ ಟ್ರೇಲರಿನ ಮೂಕಿಯ ಮುಂದೆ ಮಂಡಿಯೂರಿ, ತಾನು ಹಾಕಿದ್ದ ಪಟ್ಟಿಯನ್ನು ಗ್ರೈಂಡರಿನಿಂದ ಕೊಯ್ಯುತ್ತಿದ್ದ. ಆ ಪಟ್ಟಿ ಇದ್ದರೂ ಕೆಡುಕಿರಲಿಲ್ಲ, ಅವನಿಗೂ ಅದು ಗೊತ್ತು. ಪಟ್ಟಿ ಕೆಳಗೆ ಬಿದ್ದ ಮೇಲೆ ಅರದಿಂದ ಉಜ್ಜಿ, ಚಿಂದಿಯಿಂದ ಒರೆಸಿದ. ಒಳಗಿನಿಂದ ನಿನ್ನ ಬೆಸುಗೆ ಕಾಣಿಸಿತು. ಅದರ ಮೇಲೆ ಹೆಬ್ಬೆರಳು ಎಳೆದು ‘ದಾದಾ, ಒಂದು ಕಡೆನೂ ಸಂದು ಬಿಟ್ಟಿಲ್ಲ ಅವನು’ ಎಂದ. ಅಷ್ಟರಲ್ಲಿ ಚಿನ್ನಯ್ಯ ಕರೆಯದಿದ್ದರೂ ಟೀ ಹಿಡಿದುಕೊಂಡು ಬಂದ. ಅವನೂ ಹಿಂದಿನ ಸಂಜೆ ಕಂಬಕ್ಕೆ ಒರಗಿ ಕತೆ ಕೇಳಿದ್ದ. ಬಗ್ಗಿ ಬೆಸುಗೆ ನೋಡಿ ವಾಪಸ್ಸು ಹೋದ. ಹಾಲು ಕಾಯುವ ಹೊತ್ತಿಗೆ ಅವನ ಹೋಟೆಲಿನ ಮೊದಲ ಗಿರಾಕಿಗೆ ‘ತಾರಿಕ್‌ನ ಕೊಂಡಿಗೆ ಏನೂ ಆಗಿರ್ಲಿಲ್ವಂತೆ ಕಣ್ರೀ’ ಎಂದು ಹೇಳುವುದು ಇಲ್ಲಿಗೆ ಕೇಳಿಸಿತು. ತನ್ವೀರ್ ಕೆಂಪು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, ಬೆಸುಗೆಯ ಮೇಲೆ ಒಂದೇ ಕೈ ಬಣ್ಣ ಹಚ್ಚಿದ.

ದಾದಿಯ ದುವಾ, ಅಮ್ಮಿಯ ದುವಾ, ಅಣ್ಣ ಅತ್ತಿಗೆಯ ಸಲಾಂ. ಅಲ್ಲಾಹ್ ನಿನ್ನ ಕೈಗೆ ಬರಕತ್ ಕೊಡಲಿ, ಕಣ್ಣನ್ನು ತಂಪಾಗಿ ಇಡಲಿ.

ನಿನ್ನ ದಾದಾ,
ಹುಸೇನ್ ಸಾಬ್

ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಬರುವ ಬುಧವಾರ ಹಾಲೇಶಪ್ಪನವರು ಬಳ್ಳಾರಿಗೆ ಬರುತ್ತಾರೆ, ಜೊತೆಗೆ ತನ್ವೀರ್ ಇರುತ್ತಾನೆ. ಅವರು ನಿನ್ನೆದುರು ನಿಂತು, ಕೊಂಡಿ ಸ್ವಲ್ಪ ಸಡಿಲ ಆದಂಗೈತೆ, ನೋಡಪ್ಪಾ ಎನ್ನುತ್ತಾರೆ. ಸಡಿಲವೇನೂ ಆಗಿಲ್ಲ, ನಾನೇ ನೋಡಿದ್ದೇನೆ. ತಪ್ಪಾಯಿತು ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಇವತ್ತಿನವರೆಗೂ ಹುಟ್ಟಿಲ್ಲ, ಅವರ ಹೆಂಡತಿಯೇ ದಾದಿಗೆ ಹೇಳಿದ್ದು. ಹಾಗಾಗಿ ನೀನು ಕೆಳಗೆ ಬಗ್ಗಿ, ಸ್ವಲ್ಪ ಹೊತ್ತು ನೋಡಿ, ಎದ್ದು, ಸರಿ ಐತೆ ಅನ್ನು. ಅವರಿಗೆ ಅಷ್ಟು ಸಾಕು. ತನ್ವೀರ್ ಅದನ್ನೂ ಕೇಳುವುದಿಲ್ಲ, ಊಟ ಆಯಿತೇ ಎಂದು ಕೇಳಬಹುದು, ಆಗಿದ್ದರೂ ಇಲ್ಲ ಎನ್ನು. ಪಿಕಪ್ಪಿನ ಸೀಟಿನಲ್ಲಿ ಮೂವರಿಗೆ ಜಾಗವಿದೆ. ನಿನ್ನ ಗ್ಯಾರೇಜಿನ ಯಜಮಾನರಿಗೆ ಮಂಗಳವಾರವೇ ಹೇಳಿಡು, ಒಳ್ಳೆಯವರು, ಕೊನೆಯ ಗಳಿಗೆಯಲ್ಲಿ ಬಿಟ್ಟುಬಂದೆ ಎಂದು ಅವರಿಗೆ ಬೇಜಾರಾಗಬಾರದು.